ಇನ್ನೂರ ಹದಿನಾಲ್ಕು ಮಾತುಗಳು

ಬಸವೇಶ್ವರನಗರ
12 ಫೆಬ್ರವರಿ 2025

ಶೈಲಾ,

ಈ ಕಾಗದ ನೋಡಿ ನಿನಗೆ ನಗು ಬರಬಹುದು. ನಮ್ಮ ಮನೆಯಿಂದ ಕೆಂಗೇರಿ ಉಪನಗರಕ್ಕೆ ಬರಲು ಒಂದು ಗಂಟೆಯೂ ಬೇಕಿಲ್ಲ. ಅಂಚೆಗೆ ಎಷ್ಟು ದಿನ ಬೇಕೋ ತಿಳಿಯದು. ನಿನ್ನ ನಂಬರು ನನ್ನ ಫೋನಿನಲ್ಲಿ ಇನ್ನೂ ಇದೆ. ಆದರೆ ಫೋನ್ ಮಾಡಿ ನೀನು ಎತ್ತದೆ ಹೋದರೆ ಅದು ನನಗೆ ಕೂಡಲೇ ತಿಳಿದುಬಿಡುತ್ತದೆ. ಕಾಗದವಾದರೆ ಕೆಲವು ದಿನ ಅಂಚೆಯವರ ಮೇಲೆ ಹಾಕಬಹುದು. ವಿಳಾಸ ನೀನೇ ಬರೆದುಕೊಟ್ಟದ್ದು, ಮನೆ ಬಿಡುವಾಗ, ಏನಾದರೂ ಟಪಾಲು ಬಂದರೆ ಇಲ್ಲಿಗೆ ಕಳಿಸಿ ಎಂದು. ಆರು ವರ್ಷವಾಯಿತು. ಅಲ್ಲಿಂದಲೂ ನೀನು ಬಿಟ್ಟು ಹೋಗಿರಬಹುದು.

ವಿಷಯ ತನ್ಮಯಿಯ ಟ್ಯಾಬಿನದು. ನೀನು ಓದಲು ಬಂದು ನಮ್ಮ ಮಹಡಿಯ ರೂಮಿನಲ್ಲಿ ಬಾಡಿಗೆಗಿದ್ದಾಗ, ಅವಳಿಗೆ ಎಂಟು ವರ್ಷವಿದ್ದಾಗ ತಂದದ್ದು. ಈಗ ಅವಳಿಗೆ ಹದಿನೇಳು. ಬಾಯಿಂದ ಮಾತು ಬಾರದ ಮಗುವಿಗೆ ಇದೇ ಮಾತು ಎಂದು ಥೆರಪಿಸ್ಟ್ ಹೇಳಿದಾಗ ನಾನು ಒಪ್ಪಿರಲಿಲ್ಲ. ಚಿತ್ರದ ಗುಂಡಿ ಒತ್ತಿದರೆ ಮಾತು ಕೇಳಿಸುವ ಆ ಆ್ಯಪಿಗೆ ಯಾರಾದರೂ ದನಿ ಕೊಡಬೇಕಿತ್ತು. ನಾನು ಕೊಟ್ಟರೆ, ಅವಳು ಮುಂದೆ ಎಂದೂ ಮಾತಾಡುವುದಿಲ್ಲ ಎಂದು ಬರೆದುಕೊಟ್ಟಂತೆ ಅನ್ನಿಸಿತ್ತು. ನೀನು ಎರಡು ಭಾನುವಾರ ಕೂತು ಇನ್ನೂರ ಹದಿನಾಲ್ಕು ಗುಂಡಿಗೂ ದನಿ ಕೊಟ್ಟೆ. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಒಂಬತ್ತು ವರ್ಷದಿಂದ ನಿನ್ನ ಗದಗಿನ ಕನ್ನಡ ಮಾತಾಡುತ್ತಾಳೆ. ಊಟ ಕೇಳುವಾಗ 'ಹೊಟ್ಟಿ ಹಸದೈತ್ರಿ' ಎನ್ನುತ್ತಾಳೆ. ಅತ್ತೆ ಹನುಮಕ್ಕ ಕೂಡ ಈಗ ಅದೇ ಧಾಟಿಯಲ್ಲಿ 'ಬರ್ರಿ, ಉಣ್ರಿ' ಎಂದು ಅವಳನ್ನು ಕರೆಯುತ್ತಾರೆ.

ಆ ಟ್ಯಾಬಿನ ಬ್ಯಾಟರಿ ಉಬ್ಬಿದೆ. ಹಿಂಬದಿ ಬಾಯಿಬಿಟ್ಟಿದೆ, ಎರಡು ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ರಾಜಾಜಿನಗರದ ರಿಪೇರಿಯವರು ನೋಡಿ, "ಮೇಡಂ, ಇದನ್ನ ಹಾಸಿಗೆ ಮೇಲೆ ಇಡ್ಬೇಡಿ. ಚಾರ್ಜಿಗೆ ಹಾಕಿ ಆಚೆ ಹೋಗ್ಬೇಡಿ. ಇದರ ಬ್ಯಾಟರಿ ಎಲ್ಲೂ ಸಿಗಲ್ಲ, ಹೊಸದು ತಗೊಂಬಿಡಿ" ಎಂದರು. ಕೊಳ್ಳಬಹುದು. ಆದರೆ ಆ ಆ್ಯಪ್ ಮಾಡಿದ ಕಂಪನಿ ಮುಚ್ಚಿಹೋಗಿದೆ, ಹೊಸ ಟ್ಯಾಬ್ ಯಾವುದರಲ್ಲೂ ಅದು ಏರುವುದಿಲ್ಲ. ಅದು ಏರದಿದ್ದರೆ ನಿನ್ನ ದನಿಯೂ ಇಲ್ಲ.

ಜೂನ್ ಒಂಬತ್ತಕ್ಕೆ ತನು ನಾಗರಬಾವಿಯ ಒಂದು ಸ್ಕ್ರೀನ್ ಪ್ರಿಂಟಿಂಗ್ ತರಬೇತಿಗೆ ಸೇರಬೇಕು. ಅದನ್ನು ನಡೆಸುವ ಸೇತುರಾಮ್ ನಾವು ವಿಚಾರಿಸಲು ಹೋದ ದಿನವೇ ಹೇಳಿಬಿಟ್ಟರು: "ಅಪ್ಪ ಅಮ್ಮ ಗೇಟ್ ತನಕ. ಒಳಗೆ ಬಂದ್ಮೇಲೆ ಏನಿದ್ರೂ ಅವಳೇ ಹೇಳ್ಬೇಕು." ಅಷ್ಟರೊಳಗೆ ಅವಳಿಗೆ ಮಾತು ಬೇಕು, ಶೈಲಾ. ಆ ರೆಕಾರ್ಡಿಂಗುಗಳ ಪ್ರತಿ ನಿನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಏನಾದರೂ ಉಳಿದಿದೆಯೇ? ಇಷ್ಟು ತಿಳಿಸಿದರೆ ಸಾಕು.

ಮಾಲವಿಕಾ


ಬಸವೇಶ್ವರನಗರ
9 ಮಾರ್ಚ್ 2025

ಶೈಲಾ,

ಉತ್ತರವಿಲ್ಲ. ಅಂಚೆಯವರ ಮೇಲೆ ಹಾಕುವ ದಿನಗಳು ಮುಗಿದವು. ಆದರೂ ಬರೆಯುತ್ತಿದ್ದೇನೆ.

ನಾನು ಒಂದು ಪಟ್ಟಿ ಮಾಡಿದ್ದೇನೆ. ಹದಿನಾಲ್ಕು ಟ್ಯಾಬುಗಳು. ಪರದೆಯ ಅಳತೆ, ತೂಕ, ಬ್ಯಾಟರಿ ಎಷ್ಟು ಗಂಟೆ, ಕೆಳಗೆ ಬಿದ್ದರೆ ಏನು, ಅವಳ ಬಲಗೈ ಬೆರಳು ಜಾರಿ ಪಕ್ಕದ ಗುಂಡಿ ಒತ್ತಿದರೆ ಏನು, ಎಷ್ಟು ವರ್ಷ ಅಪ್ಡೇಟ್ ಕೊಡುತ್ತಾರೆ. ದಿನಾ ಒಂದು ಕಾಲಂ ಸೇರುತ್ತದೆ. ಒಂದನ್ನು ಆರಿಸಿ ಮಲಗಿದರೆ ಬೆಳಿಗ್ಗೆ ಏಳುವಷ್ಟರಲ್ಲಿ ಅದರ ತಪ್ಪು ಕಾಣುತ್ತದೆ. ಅರುಣ ಮೊನ್ನೆ ಕೇಳಿದರು, "ಮಾಲಾ, ಟ್ಯಾಬ್ ಹುಡುಕ್ತಾ ಇದೀಯೋ, ಮಗಳಿಗೆ ಗಂಡು ಹುಡುಕ್ತಾ ಇದೀಯೋ? ಜಾತಕ ಒಂದು ನೋಡಿಲ್ಲ ನೀನು." ಅತ್ತೆಯದು ಬೇರೆ ವಾದ. "ಈ ಸಿಲೇಟು ಚೆನ್ನಾಗೇ ಮಾತಾಡ್ತದಲ್ಲೇ? ಅದಕ್ಕೂ ವಯಸ್ಸಾಗಿದೆ, ನನಗೂ ಆಗಿದೆ. ನನ್ನೂ ಬದಲಾಯಿಸ್ತೀಯಾ?"

ಹಳೆಯದರ ಎದುರು ಹೊಸ ಫೋನ್ ಹಿಡಿದು ಒಂದೊಂದೇ ಗುಂಡಿ ಒತ್ತಿ ನಿನ್ನ ದನಿಯನ್ನು ಮತ್ತೆ ರೆಕಾರ್ಡ್ ಮಾಡಿ ನೋಡಿದರು ಅರುಣ. ಹಳೆಯ ಸ್ಪೀಕರ್ ಹರಿದುಹೋಗಿದೆ. ನೀನು ಡಬ್ಬದೊಳಗೆ ಕೂತು ಮಾತಾಡಿದ ಹಾಗೆ ಕೇಳಿಸಿತು. ನಲವತ್ತನೆಯ ಗುಂಡಿಗೆ ಕೈಬಿಟ್ಟರು.

ಥೆರಪಿಸ್ಟ್ ಹೊಸ ಆ್ಯಪ್ ಒಂದನ್ನು ಹೇಳಿದ್ದಾರೆ. ಅದರಲ್ಲಿ ಯಂತ್ರದ ಕನ್ನಡ ದನಿಯೂ ಇದೆ, ಬೇಕಾದರೆ ನಾವೇ ಮಾತು ತುಂಬಲೂಬಹುದು. ಅಕ್ಷರ ಕೂಡಿಸಿ ಬರೆಯುವ ಪುಟವೂ ಇದೆ, ಹಳೆಯದರಲ್ಲಿ ಅದು ಇರಲಿಲ್ಲ. ಯಂತ್ರದ ದನಿ ಸ್ಪಷ್ಟವಾಗಿದೆ. ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಹೇಳುವವಳಂತಿದೆ.

ಹಾಗಾಗಿ ನೇರವಾಗಿ ಕೇಳುತ್ತೇನೆ. ನೀನು ಇನ್ನೊಮ್ಮೆ ದನಿ ಕೊಡುತ್ತೀಯಾ? ಪಟ್ಟಿ ನಾನು ಕಳಿಸುತ್ತೇನೆ. ಮನೆಗೆ ಬರಬೇಕೆಂದಿಲ್ಲ, ಫೋನಿನಲ್ಲೇ ರೆಕಾರ್ಡ್ ಮಾಡಿ ಕಳಿಸಿದರೂ ಆಯಿತು. ಈ ಕೋರಿಕೆಗೆ ನನಗೆ ಎಷ್ಟು ಹಕ್ಕಿದೆ ಎಂದು ಯೋಚಿಸುತ್ತಾ ಹೋದರೆ ಈ ಕಾಗದವೂ ಮುಗಿಯುವುದಿಲ್ಲ. ಮುಗಿಸುತ್ತಿದ್ದೇನೆ.

ಮಾಲವಿಕಾ


ಕೆಂಗೇರಿ ಉಪನಗರ
24 ಮಾರ್ಚ್ 2025

ಮಾಲಕ್ಕನವರಿಗೆ,

ಎರಡೂ ಕಾಗದ ಮುಟ್ಟಿವೆ. ವಿಳಾಸ ಅದೇ. ನಾನು ಈಗ ಇಲ್ಲಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ.

ರೆಕಾರ್ಡಿಂಗುಗಳ ಪ್ರತಿ ನನ್ನ ಹತ್ತಿರ ಇಲ್ಲ. ಆ ಲ್ಯಾಪ್‌ಟಾಪ್ ಹೋಗಿ ಐದು ವರ್ಷವಾಯಿತು.

ಇನ್ನೊಮ್ಮೆ ದನಿ ಕೊಡುವ ವಿಚಾರ. ನಿಮ್ಮ ಎರಡೂ ಕಾಗದವನ್ನು ಮೂರು ಸಲ ಓದಿದೆ. ರಿಪೇರಿಯವರು ಏನಂದರು, ಸೇತುರಾಮ್ ಏನಂದರು, ಅರುಣಣ್ಣ ಏನಂದರು, ಅಜ್ಜಿ ಏನಂದರು, ಎಲ್ಲ ಬರೆದಿದ್ದೀರಿ. ತನು ಏನಂದಳು ಎನ್ನುವುದು ಎಲ್ಲಿಯೂ ಇಲ್ಲ. ಹುಡುಕಿದೆ. ಇಲ್ಲ.

ಇನ್ನೊಂದೂ ಇಲ್ಲ. ಅನ್ನಪೂರ್ಣೇಶ್ವರಿ ನಗರದ ಆ ಗೃಹಪ್ರವೇಶದ ದಿನ. ನೀವು ಅದರ ಸುತ್ತ ಸುತ್ತಿ ಬರೆಯುತ್ತೀರಿ, ಒಳಗೆ ಕಾಲಿಡುವುದಿಲ್ಲ. ಅದನ್ನು ದಾಟಿ ನಾನು ನನ್ನ ದನಿ ಕಳಿಸಲಾರೆ. ನನಗೆ ಸಿಟ್ಟಿದೆ ಅಂತಲ್ಲ. ಹಾಗೆ ಕಳಿಸಿದ ದನಿಯನ್ನು ನೀವು ಮತ್ತೆ ಏನು ಮಾಡುತ್ತೀರೋ ನನಗೆ ಗೊತ್ತಿಲ್ಲ, ಅದಕ್ಕೆ.

ತನೂಗೆ ನನ್ನ ಪ್ರೀತಿ ತಿಳಿಸಿ.

ಶೈಲಾ


ಬಸವೇಶ್ವರನಗರ
6 ಏಪ್ರಿಲ್ 2025

ಶೈಲಾ,

ನಿನ್ನ ಕಾಗದ ಬರುವ ಹೊತ್ತಿಗೆ ನಾನು ಟ್ಯಾಬ್ ಕೊಂಡಾಗಿತ್ತು. ಯುಗಾದಿಯ ರಿಯಾಯಿತಿಯಲ್ಲಿ, ಪಟ್ಟಿಯಲ್ಲಿ ಅತಿ ಹೆಚ್ಚು ಅಂಕ ಬಂದದ್ದು. ತೆಳು, ಹಗುರ, ಪರದೆ ಬಹಳ ಸ್ವಚ್ಛ. ಹೊಸ ಆ್ಯಪ್ ಹಾಕಿ ಆರುನೂರು ಗುಂಡಿಗಳನ್ನು ನಾನೇ ಕೂತು ಜೋಡಿಸಿದೆ, ಯಂತ್ರದ ದನಿಯಲ್ಲಿ. ಹಬ್ಬದ ದಿನ ಒಬ್ಬಟ್ಟಿನ ತಟ್ಟೆಯ ಪಕ್ಕ ಇಟ್ಟು ಅವಳಿಗೆ ಕೊಟ್ಟೆ. ಅವಳು ನೋಡಿದಳು. ತನ್ನ ಹಳೆಯ ಟ್ಯಾಬನ್ನು ಎಳೆದುಕೊಂಡು ಒಂದು ಗುಂಡಿ ಒತ್ತಿದಳು. ನಿನ್ನ ದನಿ: "ಸಾಕು." ಒಂದು ವಾರದಿಂದ ಹೊಸದನ್ನು ಮುಟ್ಟಿಲ್ಲ. ಅದರಲ್ಲಿ ಅರುಣ ಕ್ರಿಕೆಟ್ ನೋಡುತ್ತಿದ್ದಾರೆ.

ಈಗ ಆ ದಿನದ ಮಾತು.

ಅವಳಿಗೆ ಆಗ ಹನ್ನೊಂದು. ಅರುಣನ ಅಣ್ಣನ ಮನೆ ಗೃಹಪ್ರವೇಶ, ಶ್ರೀಗಂಧದ ಕಾವಲಿನಿಂದ ಅವರ ಕಡೆಯವರೆಲ್ಲ ಬಂದಿದ್ದರು. ನಿನ್ನನ್ನೂ ಕರೆದಿದ್ದೆವು. ತನು ಯಾರನ್ನೋ ನೋಡಿ 'ಅರಾಮ್ ಅದೀರಿ?' ಗುಂಡಿ ಒತ್ತಿದಳು. ಅರುಣನ ಚಿಕ್ಕಮ್ಮ, "ಅಯ್ಯೋ ಮಾಲಾ, ನಿನ್ ಮಗಳು ಹುಬ್ಬಳ್ಳಿ ಬಸ್ ಕಂಡಕ್ಟರ್ ಥರ ಮಾತಾಡ್ತಾಳಲ್ಲೇ!" ಎಂದರು. ಎಲ್ಲರೂ ನಕ್ಕರು. ತನುವೂ ನಕ್ಕಳು. ನಕ್ಕವರು ಮತ್ತೆ ಒತ್ತಿಸಿದರು, ಮತ್ತೆ ನಕ್ಕರು. ನನಗೆ ಸಹಿಸಲಾಗಲಿಲ್ಲ. ನನ್ನ ಮಗಳು ಆಟದ ಸಾಮಾನಾದಳು ಎಂದು ಸಂಕಟವಾಯಿತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ನಿಜವೆಂದರೆ ನನಗೆ ನಾಚಿಕೆಯಾಗಿತ್ತು. ಕಾನ್ವೆಂಟಿನಲ್ಲಿ ಓದಿದ ನಾನು ನನ್ನ ಕನ್ನಡವನ್ನೇ ಅಳೆದು ಆಡುವವಳು. ಮಗಳಿಗೆ ಮಾತು ಇಲ್ಲವೆಂದು ಒಂದು ನಾಚಿಕೆ, ಇದ್ದ ಮಾತು ಬೇರೆಯವರದು ಎಂದು ಇನ್ನೊಂದು. ನಾನು ವಾಲ್ಯೂಮನ್ನು ಸೊನ್ನೆಗೆ ಇಳಿಸಿ, ಊಟದ ಮನೆಯ ಕಡೆ ಹೋದೆ.

ಅವಳು ಗಾಲಿಕುರ್ಚಿಯಲ್ಲಿ ಕೂತು ಬಾತ್ರೂಮಿನ ಗುಂಡಿಯನ್ನು ಎಷ್ಟು ಸಲ ಒತ್ತಿದಳೋ. ಇಪ್ಪತ್ತು ನಿಮಿಷ ಎಂದು ನೀನು ಹೇಳಿದೆ. ಸುತ್ತ ಐವತ್ತು ಜನರಿದ್ದರು. ನೀನು ಕಂಡಾಗ ಲಂಗ ಒದ್ದೆಯಾಗಿತ್ತು. ನೀನೇ ಎತ್ತಿಕೊಂಡು ಹೋಗಿ ತೊಳೆದು ಬದಲಿಸಿದೆ. ಆಮೇಲೆ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ, "ಅಕ್ಕಾ, ಆಕಿ ಬಾಯಿ ಮುಚ್ಚಿದ್ರಲ್ಲ ನೀವು" ಎಂದೆ. ಮೆಲ್ಲಗೆ ಹೇಳಿದೆ. ನೀನು ಕೂಗಿದ್ದರೆ ನಾನು ಅತ್ತುಬಿಡುತ್ತಿದ್ದೆನೋ ಏನೋ. ನಾನು ಅಂದದ್ದು ನಿನಗೆ ನೆನಪಿದೆ. "ಬಾಡಿಗೆಗೆ ಇರೋರು ಬಾಡಿಗೆಗೆ ಇರೋ ಹಾಗೇ ಇರ್ಬೇಕು ಶೈಲಾ."

ಬರೆದೆ. ಕ್ಷಮಿಸು ಎಂಬ ಪದವನ್ನು ಎರಡು ಸಲ ಬರೆದು ಹೊಡೆದುಹಾಕಿದ್ದೇನೆ, ಕಾಗದದ ಹಿಂಬದಿಯಲ್ಲಿ ಗುರುತು ಕಾಣಬಹುದು. ಅದನ್ನು ಮೊದಲು ಕೇಳಬೇಕಾದದ್ದು ತನುವನ್ನು. ಅವಳನ್ನು ಕೇಳಿಲ್ಲ. ಯಾವುದನ್ನೂ ಕೇಳಿಲ್ಲ. ನೀನು ಹುಡುಕಿದರೂ ಸಿಗಲಿಲ್ಲ ಎಂದೆಯಲ್ಲ, ಇರಲಿಲ್ಲ.

ಮಾಲವಿಕಾ


ಬಸವೇಶ್ವರನಗರ
29 ಏಪ್ರಿಲ್ 2025

ಶೈಲಾ,

ಕೇಳಿದೆ.

ಕೇಳುವುದು ಸುಲಭವಿರಲಿಲ್ಲ. ಆ ದಿನದ ಬಗ್ಗೆ ಹೇಳಿ, ನಾನು ಮಾಡಿದ್ದು ತಪ್ಪು ಎಂದೆ. ಅವಳು ಬಹಳ ಹೊತ್ತು ಟ್ಯಾಬ್ ನೋಡುತ್ತಿದ್ದಳು. ಹಸಿವು, ನೀರು, ಟೀವಿ, ಅಜ್ಜಿ, ಫ್ಯಾನ್ ಹಾಕು. ಆ ಇನ್ನೂರ ಹದಿನಾಲ್ಕರಲ್ಲಿ ತಾಯಿಗೆ ಉತ್ತರ ಕೊಡುವ ಮಾತು ಒಂದೂ ಇಲ್ಲ. ಪಟ್ಟಿ ಮಾಡಿದವಳು ನಾನೇ. ಕೊನೆಗೆ ನೀನು ನನಗೆ ಹೇಳದೆ ಸೇರಿಸಿದ್ದ ಒಂದನ್ನು ಒತ್ತಿದಳು. "ನನಗ ಸಿಟ್ಟ ಬಂದೈತಿ." ಇನ್ನೊಮ್ಮೆ. ಮತ್ತೊಮ್ಮೆ. ಬ್ಯಾಟರಿ ಬಿಸಿಯಾಗುವವರೆಗೆ. ನಾನು ಪಕ್ಕದಲ್ಲೇ ಕೂತಿದ್ದೆ.

ಮಾರನೆಯ ದಿನ ದನಿಯ ವಿಷಯ. ಯಂತ್ರದ್ದನ್ನು ಕೇಳಿಸಿದೆ. ಅವಳು ಒತ್ತಿದಳು: "ಸಾಕು." ನನ್ನ ದನಿ ರೆಕಾರ್ಡ್ ಮಾಡಿ ಕೇಳಿಸಿದೆ: "ಸಾಕು." ಹಾಗಾದರೆ ಶೈಲಕ್ಕನ ದನಿಯೇ ಬೇಕಾ, ಮತ್ತೆ ಬೇಡಿಕೊಳ್ಳುತ್ತೇನೆ ಎಂದೆ. ಅವಳಿಗೆ ಹೌದು ಎನ್ನಲು ಕಣ್ಣು ಮೇಲೆತ್ತಬೇಕು, ನಿನಗೆ ಗೊತ್ತು. ಎತ್ತಲಿಲ್ಲ. ನನ್ನನ್ನೇ ನೋಡುತ್ತಾ, ನಿಧಾನವಾಗಿ, "ಸಾಕು" ಒತ್ತಿದಳು. ನಿನ್ನ ದನಿಯಲ್ಲೇ ನಿನ್ನ ದನಿ ಬೇಡ ಎಂದಳು.

ಆಗ ಎದುರು ಮನೆಯ ಕೀರ್ತನಾ ಬಾಗಿಲಲ್ಲಿ ನಿಂತು ಕೂಗಿದಳು. "ಆಂಟೀ, ಹೆಪ್ಪಿಗೆ ಒಂದ್ ಸ್ಪೂನ್ ಮೊಸರಿದ್ಯಾ? ನಮ್ಮಮ್ಮ ಎಲ್ಲಾ ಮಜ್ಜಿಗೆ ಮಾಡ್ಬಿಟ್ಟಿದಾಳೆ, ಮಹಾತಾಯಿ!" ಈ ಹುಡುಗಿಯನ್ನು ನೀನು ನೋಡಿಲ್ಲ, ನೀನು ಹೋದ ಮೇಲೆ ಬಂದವರು. ಹದಿನೆಂಟು ವರ್ಷ, ಬಿ.ಕಾಂ. ಮೊದಲ ವರ್ಷ, ಬಾಯಲ್ಲಿ ಯಾವಾಗಲೂ ಚೂಯಿಂಗ್ ಗಮ್. ದಿನಾ ಸಂಜೆ ಬಂದು ತನು ಜೊತೆ ಫೋನಿನಲ್ಲಿ ಏನೇನೋ ನೋಡಿ ನಗುತ್ತಾಳೆ. ತನುವಿನ ಕಣ್ಣು ಮೇಲೆ ಹೋಯಿತು. ಚಾವಣಿಗೆ ಅಂಟಿದ ಹಾಗೆ ಅಲ್ಲೇ ನಿಂತಿತು.

"ಇವಳ ದನೀನಾ?" ಎಂದೆ. ಕಣ್ಣು ಇಳಿಯಲೇ ಇಲ್ಲ.

"ಏನ್ ನನ್ ದನಿ?" ಎಂದಳು ಕೀರ್ತನಾ. ಹೇಳಿದೆ. ಅವಳು ಗಮ್ ಅಗಿಯುವುದನ್ನು ನಿಲ್ಲಿಸಿದಳು. "ಲೇ ತನು, ನನ್ ವಾಯ್ಸಾ? ನಮ್ ಕ್ಲಾಸಲ್ಲಿ ಲೌಡ್‌ಸ್ಪೀಕರ್ ಅಂತಾರೆ ಕಣೇ ನನ್ನ!" ತನು ನಗುತ್ತಾ ಗಾಲಿಕುರ್ಚಿಯಿಂದ ಜಾರಿದಳು, ಇಬ್ಬರೂ ಸೇರಿ ಎಳೆದು ಕೂರಿಸಿದೆವು.

ಟ್ಯಾಬನ್ನೂ ಅವಳೇ ಆರಿಸಲಿ ಎಂದು ಮೂವರೂ ವಿಜಯನಗರದ ಅಂಗಡಿಗೆ ಹೋದೆವು. ಪಟ್ಟಿ ಒಯ್ಯಬಾರದು ಎಂದುಕೊಂಡಿದ್ದೆ. ಆದರೂ ಕೈಚೀಲದಲ್ಲಿತ್ತು. ವೀರೇಶ ಎಂಬ ಸೇಲ್ಸ್‌ಮನ್ ನನ್ನ ಮುಖ ನೋಡಿಕೊಂಡು ಪರದೆ, ಪ್ರೊಸೆಸರ್ ಎಂದು ಶುರುಮಾಡಿದರು. ನಾನೂ ಪ್ರಶ್ನೆ ಕೇಳತೊಡಗಿದೆ. ಮಧ್ಯದಲ್ಲಿ ಕೆಳಗಿನಿಂದ ನಿನ್ನ ದನಿ: "ನಾ ಹೇಳೂದು ಕೇಳ್ರಿ!"

ವೀರೇಶ ಬೆಚ್ಚಿ ಬಗ್ಗಿ ನೋಡಿದರು. "ಅರೆ! ಯಾವೂರ್ರೀ ನಿಮ್ದು? ನಮ್ದು ರೋಣ." ನೇರವಾಗಿ ಅವಳನ್ನೇ ಕೇಳಿದರು. ಒಂದು ಸ್ಟೂಲು ಎಳೆದುಕೊಂಡು ಅವಳ ಎದುರು ಕೂತು, "ಹೇಳ್ರಿ ತಂಗೆಮ್ಮ, ಎಂಥಾದ್ ಬೇಕು?" ಎಂದರು.

ಅವಳು ಮೇಜಿನ ಮೇಲಿದ್ದ ಮೊದಲ ಟ್ಯಾಬಿನ ಪಕ್ಕದ ಅಂಚನ್ನು ಬೆರಳಿನಿಂದ ತಟ್ಟಿದಳು. ವಾಲ್ಯೂಮ್. ಕೀರ್ತನಾಳಿಗೆ ಕೂಡಲೇ ಅರ್ಥವಾಯಿತು, ಒಂದು ಹಾಡು ಹಾಕಿ ಪೂರ್ತಿ ಏರಿಸಿದಳು. ತನು ಕೇಳಿ ಮುಖ ತಿರುಗಿಸಿದಳು. ಮುಂದಿನದು. ಅದರ ಮುಂದಿನದು. ಅಂಗಡಿಯಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ಸೆಕ್ಯೂರಿಟಿಯವರು ಬಂದು, "ಸೌಂಡ್ ಕಮ್ಮಿ ಮಾಡಿ ಮೇಡಂ" ಎಂದರು. ನನ್ನ ಕೈ ತಾನಾಗಿ ಮುಂದೆ ಹೋಯಿತು. ತನು ನನ್ನ ಕೈಯನ್ನು ನೋಡಿದಳು. ನಾನು ಅದನ್ನು ಹಿಂದಕ್ಕೆ ತೆಗೆದುಕೊಂಡು ಸೆಕ್ಯೂರಿಟಿಯವರಿಗೆ, "ಇಲ್ಲ, ಅವಳು ಕೇಳ್ತಾ ಇದಾಳೆ. ಸ್ವಲ್ಪ ಇರಿ" ಎಂದೆ.

ಏಳನೆಯದನ್ನು ಒಪ್ಪಿದಳು. ದಪ್ಪ, ಬೂದು ಬಣ್ಣ, ಭಾರ. ನಾನು ಎರಡನೆಯ ದಿನವೇ ಪಟ್ಟಿಯಿಂದ ಹೊಡೆದುಹಾಕಿದ್ದು. "ಇದು ಮದವಿ ಮನಿ ಮೈಕ್ ಇದ್ದಂಗ ಐತ್ರಿ, ಓಣಿ ಪೂರಾ ಕೇಳ್ತೈತಿ" ಎಂದರು ವೀರೇಶ.

ನನ್ನ ಪಟ್ಟಿಯಲ್ಲಿ ಹತ್ತೊಂಬತ್ತು ಕಾಲಂ ಇದ್ದವು, ಶೈಲಾ. ಸದ್ದು ಎಷ್ಟು ದೊಡ್ಡದು ಎಂಬ ಕಾಲಂ ಇರಲೇ ಇಲ್ಲ.

ಮಾಲವಿಕಾ


ಕೆಂಗೇರಿ ಉಪನಗರ
10 ಮೇ 2025

ಮಾಲಕ್ಕಾ,

ನನ್ನ ದನಿ ಬೇಡ ಅಂದಳು ಎಂದು ಓದಿದಾಗ, ಸುಳ್ಳು ಯಾಕೆ ಹೇಳಲಿ, ಒಂದು ದಿನ ಮನಸ್ಸಿಗೆ ಹತ್ತಿತು. ಕೊಡುವುದಿಲ್ಲ ಎಂದವಳು ನಾನು. ಬೇಡ ಎನ್ನಿಸಿಕೊಂಡಾಗ ಯಾಕೆ ನೋಯಬೇಕು? ಪಾಠದ ನಡುವೆ ನೆನಪಾಗಿ ಮಾತು ನಿಂತಿತು. ಹುಡುಗರು, "ಮೇಡಂ, ಹುಷಾರಿದೀರಾ?" ಎಂದರು.

ಆಮೇಲೆ ಯೋಚಿಸಿದೆ. ಹದಿನೇಳರ ಹುಡುಗಿ ಮೊದಲ ದಿನ ಹೊಸ ಜನರ ನಡುವೆ ಹೋಗಿ ಮೂವತ್ಮೂರರ ಲೆಕ್ಚರರ್ ಹಾಗೆ ಯಾಕೆ ಮಾತಾಡಬೇಕು? ನಾನಾಗಿದ್ದರೆ ನಾನೂ ಕೀರ್ತನಾಳನ್ನೇ ಆರಿಸುತ್ತಿದ್ದೆ.

ನೀವು ಅಂದ ಆ ಮಾತನ್ನು ಮರೆತಿಲ್ಲ. ಮರೆತೆ ಎಂದು ಬರೆದರೆ ನಿಮಗೇ ನಂಬಿಕೆ ಬರುವುದಿಲ್ಲ. ಆದರೆ ಆ ದಿನ ನಡೆದದ್ದನ್ನು ನೀವು ನಡೆದ ಹಾಗೆ ಬರೆದಿರಿ. ಅದನ್ನು ಮಡಚಿ ಇಟ್ಟುಕೊಂಡಿದ್ದೇನೆ.

ಮನೆಗೆ ಬಾ ಎಂದು ನೀವು ಕರೆದಿಲ್ಲ, ಕರೆಯುವುದೂ ಬೇಡ. ತನೂಗೆ ನನ್ನ ನೆನಪಾದರೆ ಆಕೆಯೇ ಕರೆಯಲಿ, ಆಕೆಯೇ ಬೈಯಲಿ. ಹೊಸದರಲ್ಲಿ ಅಕ್ಷರ ಕೂಡಿಸಿ ಬರೆಯಲು ಬರುತ್ತದಲ್ಲ. ಇನ್ನು ಮೇಲೆ ಆಕೆಯ ಸುದ್ದಿ ನಿಮ್ಮಿಂದ ಓದಲು ನನಗೆ ಮನಸ್ಸಿಲ್ಲ. ಬೇಸರ ಮಾಡಿಕೊಳ್ಳಬೇಡಿ.

ಶೈಲಾ


ಬಸವೇಶ್ವರನಗರ
1 ಜೂನ್ 2025

ಶೈಲಾ,

ನೀನು ಬೇಡ ಎಂದ ಮೇಲೂ ಅವಳ ಸುದ್ದಿ ಸ್ವಲ್ಪ ಬರೆಯುತ್ತೇನೆ. ನನಗೆ ಗೊತ್ತಿರುವುದೇ ಸ್ವಲ್ಪ.

ರೆಕಾರ್ಡಿಂಗ್ ನಾಲ್ಕು ಸಂಜೆ ನಡೆಯಿತು. ಮೊದಲ ದಿನ ನಾನು ಪಟ್ಟಿ, ಪೆನ್ನು, ಕುರ್ಚಿ ಎಲ್ಲ ಹಿಡಿದು ರೂಮಿಗೆ ಹೋದೆ. ತನು ಹೊಸ ಟ್ಯಾಬಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಕೀರ್ತನಾಳಿಗೆ ತೋರಿಸಿದಳು. ಕೀರ್ತನಾ ತಲೆ ಕೆರೆದುಕೊಂಡು, "ಆಂಟಿ, ಬೇಜಾರ್ ಮಾಡ್ಕೋಬೇಡಿ, ನೀವು ಆಚೆ ಇರ್ಬೇಕಂತೆ" ಎಂದಳು. ಪಟ್ಟಿಯನ್ನಾದರೂ ಇಟ್ಟುಕೊಳ್ಳಿ ಎಂದೆ. ಅದೂ ಬೇಡವಂತೆ.

ಹಾಲಿನಲ್ಲಿ ಕೂತೆ. ಎದ್ದೆ. ಒಗೆದ ಬಟ್ಟೆ ಮಡಚಿದೆ, ಮಡಚಿದ್ದನ್ನೇ ಮತ್ತೆ ಮಡಚಿದೆ. ಒಳಗೆ ಕೀರ್ತನಾ ಏನೋ ಹೇಳುವುದು, ತನುವಿನ ನಗು, ಮತ್ತೆ ಅದೇ ಮಾತು ಇನ್ನೊಂದು ರಾಗದಲ್ಲಿ. ಪದ ಕೇಳಿಸುತ್ತಿರಲಿಲ್ಲ. ಅತ್ತೆ ಟೀವಿ ನಿಲ್ಲಿಸಿ ಕೇಳಿದರು.

"ಒಳಗೆ ಏನ್ ನಡೀತಾ ಅದೆ?"

"ಮಾತು ತುಂಬ್ತಾ ಇದಾರೆ ಅತ್ತೆ."

"ಎಂಥ ಮಾತು?"

"ಗೊತ್ತಿಲ್ಲ."

"ಹೆತ್ತೋಳು ನೀನು, ನಿಂಗೇ ಗೊತ್ತಿಲ್ವಾ?"

"ಇಲ್ಲ ಅತ್ತೆ."

ಅವರು "ಒಳ್ಳೇದೇ ಆಯ್ತು ಬಿಡು" ಎಂದು ಟೀವಿ ಹಾಕಿದರು. ಅದು ನನ್ನ ಸಮಾಧಾನಕ್ಕೋ, ಹಂಗಿಸಲಿಕ್ಕೋ, ಈಗಲೂ ಯೋಚಿಸುತ್ತಿದ್ದೇನೆ.

ಇದುವರೆಗೆ ನನ್ನ ಕಿವಿಗೆ ಬಿದ್ದವು ಕೆಲವು. "ಅಮ್ಮ, ನಾನ್ ಕೇಳಿದ್ನಾ?" ಒಂದು. "ಅಜ್ಜಿ, ಸೀರಿಯಲ್ ಸಾಕು, ತಲೆನೋವು" ಒಂದು. ಅರುಣನಿಗೆ "ಡ್ಯಾಡಿ, ಜೋಕ್ ಚೆನ್ನಾಗಿಲ್ಲ." ಈ ಕಾಗದದಲ್ಲಿ ಬರೆಯಲಾಗದ ಎರಡು. ಸದ್ದು ಪೂರ್ತಿ ಏರಿಸಿಯೇ ಇರುತ್ತದೆ. ಎದುರು ಮನೆಗೆ ಕೇಳಿಸಿ ಕೀರ್ತನಾಳ ಅಮ್ಮ ತಮ್ಮ ಮಗಳೇ ಎಂದುಕೊಂಡು ಅಲ್ಲಿಂದಲೇ ಗದರುತ್ತಾರೆ.

ಒಂಬತ್ತನೆಯ ತಾರೀಖು ಗೇಟಿನ ತನಕ ಹೋಗುತ್ತೇನೆ. ಅಲ್ಲಿಂದ ಮುಂದೆ ಯಾರು ನಗುತ್ತಾರೋ, ಅವಳು ಏನನ್ನುತ್ತಾಳೋ, ಸಂಜೆ ನನಗೆ ಹೇಳುತ್ತಾಳೋ ಇಲ್ಲವೋ. ಹೇಳದಿದ್ದರೆ ಕೇಳಬಾರದು ಎಂದು ಈಗಿನಿಂದಲೇ ಅಭ್ಯಾಸ ಮಾಡುತ್ತಿದ್ದೇನೆ. ಸರಿಯಾಗಿ ಬರುತ್ತಿಲ್ಲ.

ಈ ಕವರಿನೊಳಗೆ ಇನ್ನೊಂದು ಸಣ್ಣ ಕವರ್ ಇದೆ. ನಿನ್ನ ಮಾತನ್ನು ಅವಳಿಗೆ ಓದಿ ಹೇಳಿದೆ. ನಿನ್ನೆ ಮಧ್ಯಾಹ್ನ ಎರಡು ಗಂಟೆ ಕೂತು ತನು ಅಕ್ಷರ ಕೂಡಿಸಿದಳು, ಕೀರ್ತನಾ ಕಾಗದದ ಮೇಲೆ ಇಳಿಸಿದಳು. ಅಂಟಿಸಿ, ಮೇಲೆ ಟೇಪ್ ಹಾಕಿ, ನನ್ನ ಕೈಗೆ ಕೊಟ್ಟರು. ಬೆಳಿಗ್ಗೆಯಿಂದ ಮೂರು ಸಲ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದೇನೆ. ಕೀರ್ತನಾಳ ಅಕ್ಷರ ದಪ್ಪ, ಸ್ವಲ್ಪ ಪ್ರಯತ್ನಪಟ್ಟರೆ ಕಾಣುತ್ತದೆ. ಓದಿಲ್ಲ. ಒಂದು ಕಡೆ ನನ್ನ ಹೆಸರಿದ್ದ ಹಾಗೆ ಕಂಡಿತು, ಕೆಳಗಿಟ್ಟೆ.

ಅದರಲ್ಲಿ ಏನಿದೆ ಎಂದು ನನಗೆ ಬರೆಯಬೇಡ. ನಾನೇ ಕೇಳಿ ಕಾಗದ ಹಾಕಿದರೂ ಬರೆಯಬೇಡ.

ಮಾಲವಿಕಾ